ಹುಕ್ಕಿನ ಮೇಲೆ ಬೀಗರು

ಯಾವ ಮದುವೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗಂಡು ಹೆಣ್ಣಿನ ಕಡೆಗಲ್ಲ, ಕುರ್ಚಿಗಳ ಕಡೆಗೆ. ಮುಂದಿನ ಸಾಲಿನಲ್ಲಿ ಎಷ್ಟು ವಜ್ಜದವರು ಕುಳಿತಿದ್ದಾರೆ, ಹಿಂದಿನ ಸಾಲಿನಲ್ಲಿ ಎಷ್ಟು ವಜ್ಜದವರು. ವಜ್ಜ ಅಂದರೆ ಭಾರ. ನಮ್ಮ ಕಡೆ ಹಾಗೇ ಅನ್ನುತ್ತೇವೆ. ಬಸ್ಸು ಹತ್ತಿದರೂ ನೋಡುತ್ತೇನೆ. ಗೆಳೆಯ ಮೋಟರ್ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದರೆ ಅವನನ್ನು ಮಾತಾಡಿಸುವ ಮೊದಲು ಕ್ಯಾನು ಯಾವ ಕಡೆಗೆ ಜೋತಿದೆ ಅಂತ ನೋಡುತ್ತೇನೆ. ಕಟಿಂಗ್ ಅಂಗಡಿಯ ಬೆಂಚಿನ ಒಂದು ತುದಿಗೆ ಯಾರಾದರೂ ದಪ್ಪನೆಯವರು ಕುಳಿತಿದ್ದರೆ ಇನ್ನೊಂದು ತುದಿಗೆ ನಾನು ಕೂಡುವುದಿಲ್ಲ. ಅವರ ಪಾಳಿ ಬಂದು ಎದ್ದರೆ ನೆಲದ ಮೇಲೆ ಬೀಳುವವನು ಯಾರು ಅಂತ ನನಗೆ ಗೊತ್ತು.

ಇದು ಟ್ರೇಲರಿನಿಂದ ಹತ್ತಿದ ಚಟ. ನಾನು ಟ್ರ್ಯಾಕ್ಟರ್ ಹೊಡೆಯುವವನು. ದಿಗ್ಗೇವಾಡಿ ಕಡೆ, ಕೃಷ್ಣಾ ನದಿಗೆ ಸಮೀಪ ನಮ್ಮ ತೋಟ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಹೇರುತ್ತೇನೆ. ಉಳಿದ ದಿನ ಗೊಬ್ಬರ, ಉಸುಕು, ಇಟ್ಟಂಗಿ, ಮಂದಿ, ಏನು ಸಿಕ್ಕರೆ ಅದು. ಎಂಟನೇ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟೆ. ನಾನು ಬಿಟ್ಟೆ ಅನ್ನುವುದಕ್ಕಿಂತ, ಶಾಲೆಯೇ ನನ್ನನ್ನು ಹುಡುಕುವುದನ್ನು ಬಿಟ್ಟಿತು.

ನಮ್ಮ ಟ್ರೇಲರಿಗೆ ಎರಡೇ ಗಾಲಿ, ಹೆಚ್ಚು ಕಡಿಮೆ ನಡುವೆ. ಮುಂದೆ ಒಂದು ಕಬ್ಬಿಣದ ಮೂಗು ಇರುತ್ತದೆ. ಅದು ಟ್ರ್ಯಾಕ್ಟರಿನ ಹಿಂದಿನ ಹುಕ್ಕಿನ ಮೇಲೆ ಕೂಡುತ್ತದೆ. ಮುಂದೆ ಬಹಳ ಹೇರಿದರೆ ಮೂಗು ಹುಕ್ಕನ್ನು ಕೆಳಗೆ ಒತ್ತುತ್ತದೆ, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಡುತ್ತವೆ. ಹಿಂದೆ ಬಹಳ ಹೇರಿದರೆ ಮೂಗು ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ, ಟ್ರ್ಯಾಕ್ಟರಿನ ದೊಡ್ಡ ಗಾಲಿಗಳಿಗೆ ಹಿಡಿತ ಸಿಗುವುದಿಲ್ಲ, ಟ್ರೇಲರ್ ನಾಯಿ ಬಾಲದಂತೆ ಅತ್ತಿತ್ತ ಹೊಡೆಯುತ್ತದೆ. ಇಷ್ಟೇ ವಿದ್ಯೆ. ಇದನ್ನು ಕಲಿಯಲು ನನಗೆ ಶಾಲೆಗಿಂತ ಹೆಚ್ಚು ವರ್ಷ ಹಿಡಿಯಿತು.

ಕಲಿಸಿದವನು ಬಾಬು ಕಾಕಾ, ನಮ್ಮಪ್ಪನ ತಮ್ಮ. ಅಪ್ಪ ಮಾತು ಕಡಿಮೆ, ಹಾಗಾಗಿ ಮನೆಯ ಹಿರಿತನವೆಲ್ಲ ಕಾಕಾನದೇ. ಗೊಬ್ಬರ ಹೇರಿದ ಮೇಲೆ ಮೂಗಿನ ಕೆಳಗೆ ಜಾಕು ಕೊಟ್ಟು ಎತ್ತಿ ನೋಡುತ್ತಿದ್ದ. "ಹತ್ತ ಚೀಲ ಹೇರಿದ್ರ ಒಂದ ಚೀಲದ ವಜ್ಜ ಹುಕ್ಕಿನ ಮ್ಯಾಲ ಬರಬೇಕು. ಬಾಳಂದ್ರ ಒಂದೂವರಿ. ಅದಕಿಂತ ಕಡಿಮಿ ಆದ್ರ ಟ್ರೇಲರ್ ನಿನ್ನ ಮಾತ ಕೇಳಂಗಿಲ್ಲ, ಹೆಚ್ಚಾದ್ರ ಟ್ರ್ಯಾಕ್ಟರ್ ಕೇಳಂಗಿಲ್ಲ" ಅನ್ನುತ್ತಿದ್ದ.

ಲೆಕ್ಕ ಸ್ವಲ್ಪ ತಪ್ಪಿದರೆ ಚೀಲ ಇಳಿಸಿ ಮತ್ತೆ ಹೇರುವುದು ಯಾರಿಗೆ ಬೇಕು? ಅದಕ್ಕೆ ನಾನಿದ್ದೆ. ಚಿಕ್ಕಂದಿನಲ್ಲಿ ನಾನು ಗುಂಡಗಿದ್ದೆ. ಬೇರೆ ಹುಡುಗರಿಗೆ ದನ ಕಾಯುವುದು, ನೀರು ತಿರುವುವುದು ಅಂತ ಕೆಲಸ ಇರುತ್ತಿದ್ದವು. ನನ್ನ ಕೆಲಸ ಅಂದರೆ ವಜ್ಜ. ಗೊಬ್ಬರದ ಚೀಲಗಳ ಮೇಲೆ ಕೂಡುವುದು, "ಜಿನ್ನ್ಯಾ, ಒಂದಟ ಮುಂದ" ಅಂದರೆ ಮುಂದೆ, "ಜಿನ್ನ್ಯಾ, ಹಿಂದ ಹೋಗ" ಅಂದರೆ ಹಿಂದೆ ಸರಿಯುವುದು. ಒಂದು ಸಲ ಜ್ವರ ಬಂದು ಹಾಸಿಗೆ ಹಿಡಿದು ಎದ್ದೆ. ಕಾಕಾ ನನ್ನನ್ನು ಕೂಡಿಸಿ ನೋಡಿದ, ಇಳಿಸಿದ, ನೇರ ಅಡುಗೆ ಮನೆಯ ಬಾಗಿಲಿಗೆ ಹೋಗಿ ಅವ್ವನಿಗೆ ಹೇಳಿದ: "ವೈನಿ, ಹುಡುಗನ್ನ ಸರಿಯಾಗಿ ಉಣಸ್ರಿ. ಹುಕ್ಕ ಏಳಾಕತ್ತೈತಿ."

ಅವ್ವ ಅವತ್ತಿನಿಂದ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚು ಹಾಕಿದಳು. ಯಾರ ಸಲುವಾಗಿ ಹಾಕಿದಳು, ನನ್ನ ಸಲುವಾಗಿಯೋ ಟ್ರ್ಯಾಕ್ಟರಿನ ಸಲುವಾಗಿಯೋ, ನಾನು ಕೇಳಲಿಲ್ಲ. ಬೆಣ್ಣೆ ಚೆನ್ನಾಗಿತ್ತು.

ಕಲಿತೆ ಅಂದೆನಲ್ಲ, ಎಲ್ಲ ಒಮ್ಮೆಲೇ ಬರಲಿಲ್ಲ. ಅಥಣಿ ರಸ್ತೆಯಲ್ಲಿ ಒಂದು ಮನೆಗೆ ಇಟ್ಟಂಗಿ ಒಯ್ದಿದ್ದೆವು. ಟ್ರ್ಯಾಕ್ಟರಿಗೆ ಬೇರೆ ಕೆಲಸ ಇತ್ತು ಅಂತ ಟ್ರೇಲರ್ ಬಿಚ್ಚಿ, ಮೂಗಿನ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದೆವು. ಕಾಕಾ ತನ್ನ ಬುತ್ತಿಯ ಗಂಟನ್ನು ಇರುವೆ ಹತ್ತಬಾರದು ಅಂತ ಅದೇ ಮೂಗಿಗೆ ನೇತು ಹಾಕಿ ಬೇವಿನ ನೆರಳಿಗೆ ಒರಗಿದ. ನಾನು ಇಟ್ಟಂಗಿ ಇಳಿಸತೊಡಗಿದೆ. ಮುಂದಿನವು ಕೈಗೆ ಹತ್ತಿರ ಇದ್ದವು, ಮುಂದಿನವನ್ನೇ ಇಳಿಸಿದೆ. ಅರ್ಧ ಆಗಿರಬೇಕು. ಹಿಂದಿನ ಅರ್ಧ ಧಪ್ಪಂತ ನೆಲಕ್ಕೆ ಕೂತಿತು, ಮೂಗು ಆಕಾಶಕ್ಕೆ ಹೋಯಿತು, ಅದರ ಜೊತೆ ಬುತ್ತಿಯೂ ಹೋಯಿತು. ಕಾಕಾ ಎದ್ದು, ಟೊಪ್ಪಿಗೆ ತೆಗೆದು, ಬಹಳ ಹೊತ್ತು ಮೇಲೆ ನೋಡಿದ.

"ರೊಟ್ಟಿ ನೀ ಇಳಸ್ತಿಯೋ, ನಾ ಹತ್ತಲ್ಯೋ?" ಅಂದ.

ಈಗಿನ ಹುಡುಗರು ಬೇಕಂತಲೇ ಹುಕ್ಕಿನ ಮೇಲೆ ವಜ್ಜ ಹಾಕಿ, ಟ್ರ್ಯಾಕ್ಟರಿನ ಮುಂದಿನ ಗಾಲಿ ಎತ್ತಿ, ಮೊಬೈಲಿನಲ್ಲಿ ವಿಡಿಯೊ ಹಿಡಿದು ಹಾಕುತ್ತಾರೆ. ಕೆಳಗೆ ಹಾಡು ಬೇರೆ. ಮುಂದಿನ ಗಾಲಿ ಎದ್ದಾಗ ಸ್ಟೇರಿಂಗು ಕೈಯಲ್ಲಿ ಹೇಗೆ ಹಗುರಾಗುತ್ತದೆ ಅಂತ ಆ ವಿಡಿಯೊದಲ್ಲಿ ಬರುವುದಿಲ್ಲ. ಇನ್ನು ಕೊಕಟನೂರಿನ ದೇವಿಗೆ ಹೋಗುವ ಮಂದಿಯದು ಇನ್ನೊಂದು ಥರ. ಎಲ್ಲರಿಗೂ ಟ್ರೇಲರಿನ ಹಿಂದಿನ ತುದಿಗೆ ಕಾಲು ಇಳಿಬಿಟ್ಟು ಕೂಡಬೇಕು. ಗಾಳಿ ಬರುತ್ತದಂತೆ. ಟ್ರೇಲರ್ ರಸ್ತೆಯ ಅಗಲವನ್ನೆಲ್ಲ ಅಳೆಯುತ್ತ ಹೋಗುವಾಗ, ತಾಯಿ ಕಾಪಾಡು ಅಂತ ಅವರೇ ಕೂಗುತ್ತಾರೆ. ನಾಲ್ಕು ಮಂದಿ ಮುಂದೆ ಸರಿದರೆ ತಾಯಿಗೆ ಅಷ್ಟು ಕೆಲಸ ಇರುವುದಿಲ್ಲ.

ನೋಡಿ, ಗೊಬ್ಬರ ಹೇರುವುದು ಸುಲಭ. ಚೀಲಕ್ಕೆ ಮರ್ಯಾದೆಯ ಚಿಂತೆ ಇಲ್ಲ. ಎಲ್ಲಿ ಒಗೆದರೆ ಅಲ್ಲಿ ಬಿದ್ದಿರುತ್ತದೆ. ಮನುಷ್ಯರನ್ನು ಹೇರುವುದೇ ಕಷ್ಟ. ಅದರಲ್ಲೂ ಬೀಗರನ್ನು.

ನನ್ನ ತಂಗಿ ಪದ್ದಿಗೆ ಅಕ್ಕೋಳದ ಹುಡುಗನನ್ನು ನೋಡಿದ್ದೆವು. ಹೆಸರು ಭರತೇಶ. ಕಾರ್ಖಾನೆಯ ಕಾಟಾದ ಮೇಲೆ, ಅಂದರೆ ಕಬ್ಬಿನ ಗಾಡಿ ತೂಗುವಲ್ಲಿ, ಕೆಲಸ. ನನ್ನ ಟ್ರೇಲರನ್ನು ಎಷ್ಟೋ ಸಲ ತೂಗಿದ್ದಾನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಯಾಗಿತ್ತು, ಒಪ್ಪಿಯೂ ಆಗಿತ್ತು. ಉಳಿದದ್ದು ಒಂದೇ, ಅವನ ಸೋದರತ್ತೆ ಚಂಪಾಬಾಯಿ ಬಂದು ಮನೆ ನೋಡಿ ಊಟ ಮಾಡುವುದು. ಹುಡುಗನಿಗೆ ತಾಯಿ ಇಲ್ಲ, ಅವನನ್ನು ಬೆಳೆಸಿದವರೇ ಚಂಪಾಬಾಯಿ. ನಮ್ಮಲ್ಲಿ ಹುಡುಗನ ಕಡೆಯವರು ಸಂಬಂಧ ಒಪ್ಪುವ ತನಕ ಹುಡುಗಿಯ ಮನೆಯಲ್ಲಿ ಚಹಾ ಕುಡಿಯುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ತಾಟಿನ ಮುಂದೆ ಕೂಡುವುದಿಲ್ಲ. ಕೂತರೆ ಹೂಂ ಅಂತ ಅರ್ಥ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು. ನಾನು ಕಬ್ಬಿನ ಗಾಡಿಯ ಮೇಲೆ ಇದ್ದಾಗ ಅದನ್ನು ಪಾಲಿಸುತ್ತೇನೆ ಅಂತ ಹೇಳಲಾರೆ. ಚಂಪಾಬಾಯಿ ಮಾತ್ರ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ.

ಅವತ್ತು ಬೆಳಿಗ್ಗೆ ಪದ್ದಿ ಕಡಲೆಬೇಳೆ ತೊಳೆಯುತ್ತಿದ್ದಳು. ನನ್ನನ್ನು ಕರೆದಳು.

"ಅಣ್ಣಾ, ಇವತ್ತ ಒಂದ ದಿನಾ ಬಾಯಿ ಮುಚಗೊಂಡ ಇರ್ತಿ?"

"ಹುಂ."

"ಬರೇ ಹುಂ?"

"ಮುಚಗೊಂಡ ಇರ್ತೀನಿ ಅನ್ನಾಕ ಮತ್ತ ಬಾಯಿ ತಗೀಬೇಕಾಗ್ತೈತಿ."

ಅವಳು ನಗಲಿಲ್ಲ. "ಚಾಷ್ಟಿ ಬ್ಯಾಡ. ನನಗ ಈ ಹುಡುಗ ಬೇಕಾಗ್ಯಾನ" ಅಂದಳು.

ಅವಳಿಗೆ ಹೆದರಿಕೆ ಇದ್ದದ್ದು ಸುಳ್ಳಲ್ಲ. ಮೊದಲು ಒಬ್ಬ ಹುಡುಗ ಬಂದಿದ್ದ, ಮಾತು ಮಾತಿಗೆ ಗುಟಕಾ ಉಗುಳಲು ಎದ್ದು ಹೊರಗೆ ಹೋಗುತ್ತಿದ್ದ. ಪಾಪ, ಎಷ್ಟು ಸಲ ಏಳುತ್ತಾನೆ ಅಂತ ನಾನು ಬಕೆಟ್ ತಂದು ಅವನ ಪಕ್ಕಕ್ಕೆ ಇಟ್ಟೆ. ಅವರು ಚಹಾ ಕೂಡ ಕುಡಿಯಲಿಲ್ಲ. ಇನ್ನೊಬ್ಬನ ತಂದೆ, ನಿಪ್ಪಾಣಿಯಲ್ಲಿ ನಮ್ಮದು ಸ್ವಂತ ಮನೆ ಅಂತ ಹೇಳುತ್ತಿದ್ದ. ಆ ಮನೆಗೆ ಉಸುಕು ಹಾಕಿದವನು ನಾನೇ. ಮನೆ ಯಾರದು ಅಂತ ಹೇಳಿದೆ. ನಾನು ಸುಳ್ಳು ಹೇಳಿರಲಿಲ್ಲ. ಆದರೂ ಪದ್ದಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಈ ಸಲ ಮಾತ್ರ ಏನೇ ಆಗಲಿ, ತುಟಿ ಹೊಲಿದುಕೊಂಡು ಇರುವುದು ಅಂತ ಠರಾಯಿಸಿದೆ.

ಹಿಂದಿನ ದಿನ ಅಡ್ಡಮಳೆ ಹೊಡೆದಿತ್ತು. ನಮ್ಮದು ಎರೆ ನೆಲ. ಡಾಂಬರು ರಸ್ತೆಯಿಂದ ತೋಟದ ಮನೆಗೆ ಬರುವ ಹಾದಿಯೆಲ್ಲ ರಾಡಿ. ಮೊದಲು ಒಂದು ದಿಬ್ಬ, ಆಮೇಲೆ ಇಳಿದರೆ ಒಂದು ಹಳ್ಳ, ಹಳ್ಳದಿಂದ ಏರು, ಏರಿನ ಮೇಲೆ ಮನೆ. ಅವರ ಬಾಡಿಗೆ ಜೀಪಿನವನು ಡಾಂಬರು ಬಿಟ್ಟು ರಾಡಿಗೆ ಇಳಿಯುವುದಿಲ್ಲ ಅಂತ ಮೊದಲೇ ಫೋನಿನಲ್ಲಿ ಹೇಳಿದ್ದ. ಬೀಗರನ್ನು ಕರೆತರಲು ಟ್ರೇಲರ್ ಕಟ್ಟಿದೆವು.

ಟ್ರೇಲರ್ ತೊಳೆದು, ತಾಡಪತ್ರಿ ಹಾಸಿ, ಅದರ ಮೇಲೆ ಜಮಖಾನೆ, ಅದರ ಮೇಲೆ ಗಾದಿ. ಕಾಕಾ ಗಾದಿಯನ್ನು ಟ್ರ್ಯಾಕ್ಟರಿಗೆ ಹತ್ತಿರವೇ, ಮುಂದಿನ ಹಲಗೆಗೆ ಒತ್ತಿ ಹಾಸಿದ. ಟ್ರೇಲರಿನಲ್ಲಿ ಮರ್ಯಾದೆಯ ಜಾಗ ಅಂದರೆ ಅದೇ. ಹಿಡಿದುಕೊಳ್ಳಲು ಕಬ್ಬಿಣದ ಸಳಿ ಇರುತ್ತದೆ, ಎಲ್ಲರಿಗಿಂತ ಮುಂದೆ ಇರುತ್ತಾರೆ. ನಮ್ಮ ಕಡೆ ಹಿರಿಯರು ಮುಂದೆ, ಅವರ ಹಿಂದೆ ಉಳಿದವರು.

"ಕಾಕಾ, ಗಾದಿ ನಡಬರಕ ಹಾಸೂಣು" ಅಂದೆ.

"ಬೀಗರ್ನ ನಡಬರಕ ಕೂಡಸಾಕ ಅವರೇನ ಶೇಂಗಾ ಚೀಲೇನಲೇ?" ಅಂದ. ಜಾಕು ಹಚ್ಚಿ ನನಗೆ ವಿದ್ಯೆ ಕಲಿಸಿದವನು ಇವನೇ.

ಟ್ರೇಲರ್ ಒಯ್ದು ಡಾಂಬರಿನ ಮೇಲೆ ಕಾದೆವು. ಅವರು ಬಂದದ್ದೇ ತಡ ಆಗಿತ್ತು. ಚಿಕ್ಕೋಡಿಯಲ್ಲಿ ಹುಡುಗಿಗೆ ಸೀರೆ ಆರಿಸಲು ಚಂಪಾಬಾಯಿ ಬಹಳ ಹೊತ್ತು ಹಿಡಿದರಂತೆ. ಜೀಪಿನಿಂದ ಮೊದಲು ಇಳಿದವರು ಹುಡುಗನ ತಂದೆ ಅಪ್ಪಾಸಾಬರು, ತಂಬಾಕಿನ ವ್ಯಾಪಾರಿ. ಅವರು ಇಳಿದಾಗ ಜೀಪು ಒಂದು ಗೇಣು ಮೇಲೆ ಬಂತು. ಆಮೇಲೆ ಚಂಪಾಬಾಯಿ ಇಳಿದರು. ಜೀಪು ಇನ್ನೂ ಮೇಲೆ ಬಂತು. ಚಂಪಾಬಾಯಿ ಅಪ್ಪಾಸಾಬರಿಗೆ ಅಕ್ಕ, ವಯಸ್ಸಿನಲ್ಲೂ, ವಜ್ಜದಲ್ಲೂ. ಹಿಂದಿನಿಂದ ಭರತೇಶ ಇಳಿದ, ಜೀಪಿಗೆ ಅದು ಗೊತ್ತೇ ಆಗಲಿಲ್ಲ. ಆಮೇಲೆ ಅವರ ಸಂಬಂಧಿಕರು ಒಂದಿಷ್ಟು ಮಂದಿ.

ಕಾಕಾ ಅಕ್ಕ ತಮ್ಮ ಇಬ್ಬರನ್ನೂ ಮುಂದಿನ ಗಾದಿಯ ಮೇಲೆ ಕೂಡಿಸಿದ. ಹಿರಿಯರು ಮುಂದೆ ಕುಳಿತ ಮೇಲೆ ಉಳಿದವರು ದೂರ ಕೂತರೆ ಹೇಗೆ? ಎಲ್ಲರೂ ಅವರ ಕಾಲ ಹತ್ತಿರವೇ ಒತ್ತಿಕೊಂಡು ಕುಳಿತರು. ಹಿಂದೆ ಗೋಲಿ ಆಡುವಷ್ಟು ಜಾಗ ಖಾಲಿ. ಹುಕ್ಕು ಕಿರ್ ಅಂತು. ಟ್ರ್ಯಾಕ್ಟರಿನ ಮೂತಿ ಮೇಲಾಯಿತು.

ನಾನು ಕಾಕಾನ ಕಡೆಗೆ ನೋಡಿದೆ. ಕಾಕಾ ಹೊಲದ ಕಡೆಗೆ ನೋಡಿದ.

ದಿಬ್ಬ ಹತ್ತತೊಡಗಿದೆ. ಅರ್ಧಕ್ಕೆ ಬಂದಾಗ ಸ್ಟೇರಿಂಗು ಹಗುರಾಯಿತು. ತಿರುಗಿಸಿದರೆ ಗಾಲಿ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದ್ದವು, ಒಂದು ಕ್ಷಣ ಗಾಳಿಯಲ್ಲಿ ನಿಂತವು, ಧಪ್ಪಂತ ಬಿದ್ದವು. ಬ್ರೇಕು ಒತ್ತಿ ನಿಲ್ಲಿಸಿದೆ.

"ಕಾಯ್ ಝಾಲಂ? ಏನಾತ ತಮ್ಮಾ?" ಅಪ್ಪಾಸಾಬರು ಕೇಳಿದರು.

ನಾನು ಬಾಯಿ ತೆರೆಯಲಿಲ್ಲ. ಕೈಯಿಂದ, ಹಿಂದೆ ಸರಿಯಿರಿ ಅಂತ ತೋರಿಸಿದೆ. ಅವರು ಹಿಂದೆ ತಿರುಗಿ ಹಾದಿ ನೋಡಿದರು.

"ಏನಿಲ್ರಿ" ಕಾಕಾ ಅಂದ, "ಟ್ರ್ಯಾಕ್ಟರ್ ನಿಮಗ ನಮಸ್ಕಾರ ಮಾಡ್ತು."

"ಹುಡುಗ ಮೂಕ ಅದಾನೇನ್ರಿ?"

"ಇಲ್ರಿ, ಬಾಳ ಮರ್ಯಾದಸ್ಥ."

ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಹಾಗೆ ಅಂದದ್ದು. ಕಾಕಾ ಇಳಿದು ಬಂದು ನನ್ನ ಕಿವಿಗೆ ಬಾಯಿ ಹಚ್ಚಿದ.

"ನನಗೂ ಗೊತ್ತೈತಲೇ. ಅವರ್ನ ಎಬ್ಬಸಾಕ ಆಗಂಗಿಲ್ಲ. ಮುಂದ ಬಂಪರ್ ಮ್ಯಾಲ ಒಬ್ಬರ್ನ ಕೂಡಸ್ರ ಗಾಲಿ ಏಳಂಗಿಲ್ಲ."

ಕಿವಿಗೆ ಹೇಳಿದ್ದು ಭರತೇಶನಿಗೆ ಕೇಳಿಸಿತು. ಹುಡುಗ ಒಳ್ಳೆಯವನು. ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ಹಾಗೇ ರಾಡಿಗೆ ಹಾರಿ, ಓಡಿ ಹೋಗಿ ಟ್ರ್ಯಾಕ್ಟರಿನ ಮುಂದಿನ ಬಂಪರಿನ ಮೇಲೆ ಕುಳಿತ. ಅವನ ವಜ್ಜಕ್ಕೆ ಟ್ರ್ಯಾಕ್ಟರ್ ಮೂತಿಯನ್ನೂ ಬಗ್ಗಿಸಲಿಲ್ಲ. ನಾನು ಎಂಜಿನ್ ಬಂದ್ ಮಾಡಿ, ಇಳಿದು, ಅವನ ರಟ್ಟೆ ಹಿಡಿದು ಎಳೆದು ಕೆಳಗಿಳಿಸಿದೆ. ಟ್ರೇಲರಿನ ಮಂದಿಗೆ, ಹುಡುಗಿಯ ಅಣ್ಣ ಹುಡುಗನ ಮೇಲೆ ಕೈ ಮಾಡಿದ ಅಂತಲೇ ಕಂಡಿರಬೇಕು.

ಹಿರಿಯರ ಮುಂದೆ ಬಾಯಿ ತೆರೆಯುವುದಿಲ್ಲ ಅಂತ ಮಾತು ಕೊಟ್ಟದ್ದು, ಬಾನೆಟ್ಟಿನ ಹಿಂದೆ ಹುಡುಗನ ಜೊತೆಗೆ ಅಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

"ಇಲ್ಲಿಂದ ಜಾರಿದ್ರ ನಿಮ್ಮ ಮ್ಯಾಲ ನಾನ ಹಾಯ್ತೀನಿ. ಆಮ್ಯಾಲ ನಮ್ಮ ತಂಗಿಗೆ ಏನ ಹೇಳ್ಲಿ?" ಅಂದೆ ಸಣ್ಣಗೆ.

ಅವನ ಮುಖ ಕೆಂಪಾಯಿತು. "ಆಕಿ ಏನರ ಅಂದಾಳೇನ್ರಿ?"

"ಬಾಯಿ ಮುಚಗೊಂಡಿರು ಅಂದಾಳ."

"ನನಗ?"

"ನನಗ. ಹೋಗಿ ಹಿಂದ ಕೂಡ್ರಿ."

ಆಗ ನನಗೊಂದು ಯುಕ್ತಿ ಹೊಳೆಯಿತು. ಮಾತಾಡದೆ ಚಂಪಾಬಾಯಿಯನ್ನು ಎಬ್ಬಿಸಬೇಕು. ಗಾಳಿ ನಮ್ಮ ಎದುರಿನಿಂದ ಬೀಸುತ್ತಿತ್ತು. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್ಲಿಗೆ ಹಾಕಿ, ಆಕ್ಸಿಲರೇಟರ್ ಒತ್ತಿ ಹಿಡಿದೆ. ಸೈಲೆನ್ಸರಿನಿಂದ ಕರೀ ಹೊಗೆ ಎದ್ದು ನೇರ ಗಾದಿಯ ಮೇಲೆ ಹೋಯಿತು. ಚಂಪಾಬಾಯಿ ಕೆಮ್ಮಿದರು. ಸೆರಗು ಮೂಗಿಗೆ ಹಿಡಿದರು. ಎದ್ದರು. ಒಂದು ಹೆಜ್ಜೆ ಹಿಂದೆ ಹೋದರು. ಅಲ್ಲೇ ಕೂಡ್ರಿ, ಅಲ್ಲೇ ಕೂಡ್ರಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕೂಡಲಿಲ್ಲ. ಹೊಗೆಗೆ ಹೇಸಿ ಟ್ರೇಲರಿನ ಕಡೆಯ ತುದಿಗೆ ಹೋದರು.

ಅವರು ಹೋದ ಮೇಲೆ ಮರ್ಯಾದೆಯ ಜಾಗವೂ ಅವರ ಜೊತೆಗೇ ಹೋಯಿತು. ಕಾಕಾ ಗಾದಿ ಎತ್ತಿಕೊಂಡು ಓಡಿದ. ಅಪ್ಪಾಸಾಬರು ಅಕ್ಕನ ಪಕ್ಕಕ್ಕೆ ಹೋದರು. ಉಳಿದವರು ಅವರ ಕಾಲ ಹತ್ತಿರಕ್ಕೆ ಹೋದರು. ಈಗ ಎಲ್ಲರೂ ಹಿಂದಿನ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತಿದ್ದರು, ಮುಂದೆ ಗೋಲಿ ಆಡುವಷ್ಟು ಜಾಗ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಜಾರುತ್ತಲೇ ದಿಬ್ಬ ಹತ್ತಿದೆ, ಇಳಿಯತೊಡಗಿದೆ. ಮೂಗು ಹುಕ್ಕಿನೊಳಗೆ ಕಟಕಟ ಅಂತ ಮೇಲೆ ಕೆಳಗೆ ಬಡಿಯಿತು. ಹಿಂದಿನ ದೊಡ್ಡ ಗಾಲಿಗಳು ಜಾರಿದವು. ಟ್ರೇಲರ್ ಒಮ್ಮೆ ಎಡಕ್ಕೆ ಹೊಡೆಯಿತು, ಒಮ್ಮೆ ಬಲಕ್ಕೆ. ಬ್ರೇಕು ಒತ್ತಿದರೆ ಹಿಂದಿನಿಂದ ತಳ್ಳಿತು, ಬಿಟ್ಟರೆ ಇನ್ನೂ ಅತ್ತಿತ್ತ ಹೊಡೆಯಿತು. ಬೀಗರು ತಂದಿದ್ದ ಪೇಢೆಯ ಡಬ್ಬಿ ಹಾರಿ ಬೇಲಿಗೆ ಬಿತ್ತು. ಯಾರೋ ನವಕಾರ ಮಂತ್ರ ಶುರು ಮಾಡಿದರು. ನಾನೂ ಹೇಳುತ್ತಿದ್ದೆ, ಬಾಯಿ ಮುಚ್ಚಿಕೊಂಡೇ. ಹೇಗೋ ಹಳ್ಳದ ತಳಕ್ಕೆ ಬಂದು ನಿಂತೆವು. ಅಲ್ಲಿ ನಿಂತದ್ದೇ ನಿಂತದ್ದು. ಗೇರು ಹಾಕಿದರೆ ದೊಡ್ಡ ಗಾಲಿಗಳು ಇದ್ದಲ್ಲೇ ತಿರುಗಿ ರಾಡಿ ಎರಚಿದವು. ಹಿಡಿತಕ್ಕೆ ವಜ್ಜ ಬೇಕು. ವಜ್ಜವೆಲ್ಲ ಹಿಂದೆ ಗಾದಿಯ ಮೇಲೆ ಕುಳಿತಿತ್ತು.

ಏರಿನ ಮೇಲೆ ನಮ್ಮ ಮನೆ ಕಾಣುತ್ತಿತ್ತು. ಅಡುಗೆ ಮನೆಯಿಂದ ಹೊಗೆ ಏಳುತ್ತಿತ್ತು. ಪದ್ದಿ ಹೋಳಿಗೆ ಬೇಯಿಸುತ್ತಿರಬೇಕು. ಹೊಳೆಯ ಕಡೆಯ ಜಾಲಿ ಮರಗಳ ಮೇಲೆ ಹೊತ್ತು ಇಳಿದಿತ್ತು.

ಚಂಪಾಬಾಯಿ ಹಣೆಗೆ ಕೈ ಅಡ್ಡ ಹಿಡಿದು ಹೊತ್ತನ್ನು ನೋಡಿದರು. "ಬಾಬುರಾವ್, ಮುಳಗಿದ ಮ್ಯಾಲ ನಾ ನೀರೂ ಕುಡಿಯಂಗಿಲ್ಲ. ನಿಮಗ ಗೊತ್ತೈತಿ" ಅಂದರು.

"ಇಲ್ಲೇ ಬಂತ್ರಿ ಮನಿ. ಈಗ ಏಳ್ತೈತ್ರಿ ಗಾಡಿ" ಅಂದ ಕಾಕಾ. ಗಾಡಿ ಏಳಲಿಲ್ಲ.

"ಕೆಸರಾಗ ಇಳದ ನಡ್ಯಾಕ ಅಕ್ಕನ ಮೊಳಕಾಲ ಕೇಳಂಗಿಲ್ಲ" ಅಂದರು ಅಪ್ಪಾಸಾಬರು. "ಯಾರದರ ಟ್ರ್ಯಾಕ್ಟರ್ ತರಸಿ ಹೊಳ್ಳಿ ರೋಡಿಗೆ ಎಳಸ್ರಿ. ಇನ್ನೊಮ್ಮೆ ಬರೂಣು, ಏನ?"

ಇನ್ನೊಮ್ಮೆ ಬರೂಣು. ಗುಟಕಾದ ಹುಡುಗನ ಮನೆಯವರೂ ಹೋಗುವಾಗ ಹಾಗೇ ಅಂದಿದ್ದರು. ಭರತೇಶ ಏರಿನ ಮೇಲಿನ ಮನೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕಾಕಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ.

ಮಾತಾಡಿದರೆ ಸಂಬಂಧ ಮುರಿಯಬಹುದು. ಮಾತಾಡದಿದ್ದರೆ ಮುರಿದೇ ಹೋಗಿತ್ತು. ನಾನು ಮಡ್‌ಗಾರ್ಡಿನ ಮೇಲೆ ಹತ್ತಿ ನಿಂತೆ.

"ಎಲ್ಲಾರೂ ಕೇಳ್ರಿ. ಟ್ರ್ಯಾಕ್ಟರ್ ಕೆಟ್ಟಿಲ್ಲ. ನೀವು ಕುಂತದ್ದ ಕೆಟ್ಟೈತಿ. ಮೊದ್ಲ ಎಲ್ಲಾರೂ ಮುಂದ ಕುಂತ್ರಿ, ಟ್ರ್ಯಾಕ್ಟರ್ ಎದ್ದ ನಿಂತ್ತು. ಈಗ ಎಲ್ಲಾರೂ ಹಿಂದ ಕುಂತೀರಿ, ಗಾಲಿಗೆ ಹಿಡತ ಇಲ್ಲ. ಸಾವ್ಕಾರ್ರ, ನೀವು ಎದ್ದ ಬಂದ ಎಡಗಡೆ ಗಾಲಿ ಮ್ಯಾಲ ಕೂಡ್ರಿ. ಅಕ್ಕಾರ, ನೀವು ಬಲಗಡೆ, ಗಾಲಿಕಿಂತ ಒಂದ ಗೇಣ ಮುಂದ. ಉಳದಾವ್ರು ಅರ್ಧಾ ಈಕಡೆ, ಅರ್ಧಾ ಆಕಡೆ. ಕಾಕಾ, ನೀ ಎಲ್ಲಿ ಕುಂತ್ರೂ ನಡೀತೈತಿ."

ಯಾರೂ ಅಲುಗಾಡಲಿಲ್ಲ.

"ಆಂವಗ ಗಾಲಿ ಮ್ಯಾಲ ಅಂದಿ. ನಾ ಯಾಕ ಮುಂದ?" ಚಂಪಾಬಾಯಿ ಕೇಳಿದರು.

"ನೀವು ಅವರಕಿಂತ ವಜ್ಜ ಅದೀರಿ. ಹುಕ್ಕಿನ ಮ್ಯಾಲ ಅಟ ಬೇಕು."

ಕಾಕಾ ಟೊಪ್ಪಿಗೆಯನ್ನು ಮುಖಕ್ಕೆ ಮುಚ್ಚಿಕೊಂಡ.

"ಎಷ್ಟ ವಜ್ಜ ಅದೀನಿ?"

ಕೇಳಿದರೆ ಹೇಳಬೇಕು. ತಪ್ಪು ತೂಕ ಹೇಳಿ ಏರು ಹತ್ತಲು ಆಗುವುದಿಲ್ಲ. "ಯೂರಿಯಾ ಚೀಲ ಎರಡು. ಮ್ಯಾಲ ಒಂದ ಬುಟ್ಟಿ" ಅಂದೆ.

"ಮತ್ತ ನಮ್ಮ ಅಪ್ಪಾಸಾಬ?"

"ಎರಡ ಚೀಲ. ಬುಟ್ಟಿ ಇಲ್ಲ."

ಅಪ್ಪಾಸಾಬರಿಗೆ ನಗು ಬಂತು. ಅಕ್ಕ ಅವರ ಕಡೆಗೆ ನೋಡಿದರು. ನಗು ಹೋಯಿತು. ಆಮೇಲೆ ಚಂಪಾಬಾಯಿ ನಿಧಾನ ಭರತೇಶನ ಕಡೆಗೆ ತಿರುಗಿದರು.

"ಭರತ್ಯಾ, ನೀ ಕಾಟಾದ ಮ್ಯಾಲ ಕೆಲಸಾ ಮಾಡೂವಾ. ನನಗ ದಿನಾ ಏನಂತಿ? ಅತ್ತಿ, ನೀ ಸೊರಗಾಕತ್ತಿ, ಇನ್ನೊಂದ ರೊಟ್ಟಿ ತಿನ್ನು ಅಂತಿ."

ಭರತೇಶ ಟ್ರೇಲರಿನಿಂದ ಬಗ್ಗಿ ಕೆಳಗಿನ ರಾಡಿಯೊಳಗೆ ಏನೋ ಹುಡುಕತೊಡಗಿದ.

"ಕೈ ಕೊಡ ಇಲ್ಲಿ" ಅಂದರು ಚಂಪಾಬಾಯಿ, ಅವನಿಗಲ್ಲ, ನನಗೆ. ಟ್ರೇಲರಿಗೆ ಹತ್ತಿ ಕೈ ಕೊಟ್ಟೆ. ಎದ್ದು ಬಂದರು. ಗಾದಿ ಅಲ್ಲೇ ಉಳಿಯಿತು. ಬರೀ ತಾಡಪತ್ರಿಯ ಮೇಲೆ ನಿಂತು ಕೇಳಿದರು, "ಇಲ್ಲಿ?"

"ಇನ್ನೊಂದಟ ಮುಂದ."

"ಇಲ್ಲಿ?"

"ಹಾಂ. ಮನಿ ಬರೂತನಕಾ ಏಳಬ್ಯಾಡ್ರಿ."

ಅವರು ಕುಳಿತ ಮೇಲೆ ಉಳಿದವರು ಮಾತಾಡದೆ ಕುಳಿತರು. ಅಪ್ಪಾಸಾಬರು ಎಡಗಡೆ ಗಾಲಿಯ ಮೇಲೆ, ಮಂದಿ ಎರಡೂ ಕಡೆ ಪಾಲು. ಹುಕ್ಕಿನ ಕಟಕಟ ನಿಂತಿತು. ಲೋ ಗೇರು ಹಾಕಿ, ಕ್ಲಚ್ಚು ಹಗುರಾಗಿ ಬಿಟ್ಟೆ. ದೊಡ್ಡ ಗಾಲಿಗಳು ಒಮ್ಮೆ ಜಾರಿದವು, ಹಿಡಿದವು. ಟ್ರ್ಯಾಕ್ಟರ್ ರಾಡಿಯಿಂದ ಕಿತ್ತುಕೊಂಡು ಎದ್ದಿತು. ಏರಿನಲ್ಲಿ ಮುಂದಿನ ಗಾಲಿಗಳನ್ನೇ ನೋಡುತ್ತಿದ್ದೆ. ಅವು ನೆಲ ಬಿಡಲಿಲ್ಲ. ಹಿಂದಿನಿಂದ ಒಂದೇ ಮಾತು ಕೇಳಿಸಿತು. ಅಪ್ಪಾಸಾಬರು, ಬುಟ್ಟಿ ಎಷ್ಟು ದೊಡ್ಡದು ಅಂತ ಯಾರನ್ನೋ ಕೇಳುತ್ತಿದ್ದರು.

ಅಂಗಳದಲ್ಲಿ ಅವ್ವ ಕಾಲಿಗೆ ನೀರು ಕೊಟ್ಟಳು. ಪದ್ದಿ ಬಾಗಿಲ ಹಿಂದಿನಿಂದ ಮೊದಲು ನೋಡಿದ್ದು ಹುಡುಗನನ್ನಲ್ಲ, ನನ್ನ ಮುಖವನ್ನು. ನೋಡಿದ ಕೂಡಲೇ ಅವಳಿಗೆ ತಿಳಿಯಿತು.

"ಏನ ಅಂದಿ?" ಅಂದಳು ಸಣ್ಣ ದನಿಯಲ್ಲಿ.

"ಹೆಚ್ಚಿಂದೇನಿಲ್ಲ."

"ಯಾರಿಗಿ ಅಂದಿ?"

"ಚಂಪಾಬಾಯಿಗಿ."

ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ನಿಮ್ಮಣ್ಣ ಅವರ್ನ ಯೂರಿಯಾ ಚೀಲದಾಗ ಅಳದಾನ" ಅಂತ ಕಾಕಾ ಹಾಯ್ದು ಹೋಗುತ್ತ ಹೇಳಿದ. ಇಂಥ ಹೊತ್ತಿನಲ್ಲಿ ಹೇಳಲೇಬೇಕಿತ್ತೇ? ಬಾಯಿ ಹಗುರದವನು ಅಂತ ಹೆಸರು ಮಾತ್ರ ನನಗೆ.

ಪಡಸಾಲೆಯಲ್ಲಿ ತಾಟುಗಳು ಸಾಲಾಗಿ ಇದ್ದವು. ಕಿಟಕಿಯಿಂದ ಬಿದ್ದ ಬಿಸಿಲು ಗೋಡೆಯ ಮೇಲೆ ಒಂದು ಕೆಂಪು ಪಟ್ಟಿಯಷ್ಟೇ ಉಳಿದಿತ್ತು. ಬೀಗರೆಲ್ಲ ಒಳಗೆ ಬಂದರು, ಯಾರೂ ಕೂಡಲಿಲ್ಲ. ಚಂಪಾಬಾಯಿ ಕೂಡದೆ ಯಾರು ಕೂಡುತ್ತಾರೆ? ಅವರು ಪಡಸಾಲೆಯ ನಡುವೆ ನಿಂತು ತಾಟು ನೋಡಿದರು, ಗೋಡೆಯ ಮೇಲಿನ ಬಿಸಿಲು ನೋಡಿದರು, ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಪದ್ದಿಯನ್ನು ನೋಡಿದರು. ಅವ್ವ ಸೆರಗನ್ನು ಬಾಯಿಗೆ ಹಿಡಿದಿದ್ದಳು. ನಾನು ಹೊಸ್ತಿಲ ಹೊರಗೇ ಇದ್ದೆ, ರಾಡಿ ಕಾಲು ಅಂತ ನೆಪ ಮಾಡಿ.

"ಜಿನ್ನಪ್ಪಾ" ಅಂತ ಕರೆದರು ಚಂಪಾಬಾಯಿ.

"ರೀ."

"ಇಲ್ಲಿ ಎಲ್ಲಿ ಕೂಡ್ರಲಿ? ಮನಿ ಏನ ಏಳಂಗಿಲ್ಲಲ್ಲ?"

ಪದ್ದಿ ನನ್ನ ಕಡೆಗೆ ನೋಡಿದಳು. ಆ ನೋಟದಲ್ಲಿ ಬೈಗುಳವೂ ಇತ್ತು, ಬೇಡಿಕೆಯೂ ಇತ್ತು.

"ಮನಿಗೆ ಹುಕ್ಕ ಇಲ್ರಿ ಅಕ್ಕಾರ. ಎಲ್ಲಿ ಬೇಕಾದಲ್ಲಿ ಕೂಡ್ರಿ" ಅಂದೆ.

ಅವರು ಕುಳಿತರು. ಕುಳಿತು ಪದ್ದಿಗೆ, "ಬಾ, ಹೊತ್ತ ಮುಳಗೂದರಾಗ ನೀಡ" ಅಂದರು. ಪದ್ದಿ ಹೋಳಿಗೆ ಹಾಕಿ ತುಪ್ಪ ಸುರಿದಳು, ಅರ್ಧ ತಾಟಿಗೆ, ಅರ್ಧ ನೆಲಕ್ಕೆ. ಚಂಪಾಬಾಯಿ ಮೊದಲ ತುತ್ತು ಮುರಿದು ಬಾಯಿಗಿಟ್ಟರು. ಕಾಕಾ ಉಸಿರು ಬಿಟ್ಟದ್ದು ನನಗೆ ಅಂಗಳದ ತನಕ ಕೇಳಿಸಿತು. ಭರತೇಶ ಅಷ್ಟು ದೂರದಿಂದ ಹೋಳಿಗೆಯನ್ನೇ ಕಾಣಲು ಬಂದವನಂತೆ ತಾಟಿನೊಳಗೆ ನೋಡುತ್ತ ನಗುತ್ತಿದ್ದ.

ಒಂದು ಹೋಳಿಗೆ ಮುಗಿಸಿ ಚಂಪಾಬಾಯಿ ತಾಟು ಮುಂದೆ ಸರಿಸಿದರು. "ಇನ್ನೊಂದ ಹಾಕವಾ."

"ಅಕ್ಕಾ" ಅಂದರು ಅಪ್ಪಾಸಾಬರು, "ಹೊಳ್ಳಿ ಅದ ಟ್ರೇಲರಿನ್ಯಾಗ ಹೋಗೂದೈತಿ, ನೆನಪಿರ್ಲಿ."

"ನಾ ಯಾಕ ಚಿಂತಿ ಮಾಡ್ಲಿ? ಎಲ್ಲಿ ಕೂಡ್ರಬೇಕಂತ ಹೇಳಾಕ ನಮ್ಮ ಬೀಗರ ಹುಡುಗ ಅದಾನಲ್ಲ."

ಅಷ್ಟು ಹೊತ್ತು ಬೀಗರು ಅನ್ನುವ ಶಬ್ದ ನಾವು ಅವರಿಗೆ ಅಂದದ್ದು. ಅವರು ನಮಗೆ ಅಂದಿರಲಿಲ್ಲ. ಪದ್ದಿ ಒಂದು ಕೇಳಿದವರ ತಾಟಿಗೆ ಎರಡು ಹೋಳಿಗೆ ಹಾಕಿದಳು.

ನಾನು ಮನಸ್ಸಿನಲ್ಲೇ ಟ್ರೇಲರಿನಲ್ಲಿ ಚಂಪಾಬಾಯಿಯನ್ನು ಒಂದು ಗೇಣು ಹಿಂದೆ ಸರಿಸಿದೆ.